ಒರೆಯ ಚರಿತ್ರೆ: ಗಡಿನಾಡಿನ ತೊಗಲುಗೆಲಸ ಮತ್ತು ನುಡಿಯ ಸಾಕ್ಷ್ಯ

ಭಾರತದ ಆಯುಧಗಳನ್ನು ಕುರಿತ ಆಧುನಿಕ ಬರವಣಿಗೆಗೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. 1880ರಲ್ಲಿ ಪ್ರಕಟವಾದ ಎಗರ್ಟನ್ನನ ಸಚಿತ್ರ ಕೈಪಿಡಿಯಿಂದ ಮೊದಲ್ಗೊಂಡು ಇಂದಿನ ವಸ್ತುಸಂಗ್ರಹಾಲಯಗಳ ಪಟ್ಟಿಗಳವರೆಗೆ ಅಲಗಿನ ಉಕ್ಕು, ಅದರ ಬಾಗು, ಹಿಡಿಯ ಆಕಾರ, ಹಿಡಿಯ ಮೇಲಿನ ಚಿನ್ನ ಬೆಳ್ಳಿಗಳ ಕುಸುರಿ ಇವುಗಳ ವರ್ಣನೆ ವಿಪುಲವಾಗಿ ದೊರೆಯುತ್ತದೆ. ಅಲಗನ್ನು ಹೊತ್ತು ಕಾಪಾಡಿದ ಒರೆಗೆ ಅದೇ ಬರವಣಿಗೆಯಲ್ಲಿ ಸಾಮಾನ್ಯವಾಗಿ ಸಲ್ಲುವುದು ವಾಕ್ಯದ ಕೊನೆಯ ಒಂದು ಪದಗುಚ್ಛ ಮಾತ್ರ: ಮರದ ಒರೆ, ಮೇಲೆ ತೊಗಲಿನ ಹೊದಿಕೆ. ಅನೇಕ ವೇಳೆ ಅದೂ ಇರುವುದಿಲ್ಲ; ಅಲಗು ಉಳಿದಿರುತ್ತದೆ, ಒರೆ ಅಳಿದಿರುತ್ತದೆ.

ಈ ಮೌನಕ್ಕೆ ಎರಡು ಕಾರಣಗಳಿವೆ. ಒಂದು ವಸ್ತುವಿನದು. ಕಬ್ಬಿಣಕ್ಕೆ ತುಕ್ಕು ಹಿಡಿದರೂ ಅದರ ಆಕಾರ ಶತಮಾನಗಳ ಕಾಲ ಉಳಿಯಬಲ್ಲದು. ತೊಗಲು ತೇವಕ್ಕೆ ಕೊಳೆಯುತ್ತದೆ, ಒಣ ಹವೆಗೆ ಸಿಡಿಯುತ್ತದೆ, ಹುಳುವಿಗೆ ಆಹಾರವಾಗುತ್ತದೆ. ಇನ್ನೊಂದು ಕಾರಣ ಸಮಾಜದ್ದು. ಅಲಗು ಆಯುಧಪೂಜೆಯ ದಿನ ಪೀಠವೇರಿದರೆ, ಅದರ ಒರೆಗೆ ತೊಗಲನ್ನು ಹದಗೊಳಿಸಿದ ಕೈಗಳಿಗೆ ಊರಿನ ಅಂಚಿನಲ್ಲಿ ಜಾಗವಿತ್ತು. ಹೀಗಾಗಿ ಒರೆಯ ಚರಿತ್ರೆಯನ್ನು ಉಳಿದ ವಸ್ತುಗಳಿಂದಷ್ಟೇ ಕಟ್ಟಲು ಬರುವುದಿಲ್ಲ. ಕನ್ನಡ ಮತ್ತು ಅದರ ನೆರೆನುಡಿಗಳಲ್ಲಿ ಈ ಕಸುಬು ಬಿಟ್ಟುಹೋದ ಪದಗಳು ಆ ಕೊರತೆಯನ್ನು ಗಣನೀಯವಾಗಿ ತುಂಬಬಲ್ಲವು. ಆ ಪದಗಳು ಯಾವುದೇ ಒಂದು ನುಡಿಯೊಳಗೆ ಪೂರ್ಣವಾಗಿ ಅರ್ಥವಾಗುವುದಿಲ್ಲ. ಎರಡು ನುಡಿಗಳು ಒಂದೇ ಬೀದಿಯಲ್ಲಿ ಓಡಾಡುವ ಗಡಿನಾಡಿನಲ್ಲಿ ನಿಂತು ನೋಡಿದಾಗ ಅವುಗಳ ಸಂಬಂಧ ತಿಳಿಯಾಗುತ್ತದೆ. ಪ್ರಸ್ತುತ ಲೇಖನದ ವಿಷಯ ಇದೇ.

ಮಾಡುವ ಬಗೆ

ಪದಗಳ ವಿಚಾರಕ್ಕೆ ಮೊದಲು ಕೆಲಸದ ಕ್ರಮವನ್ನು ತಿಳಿಯುವುದು ಅಗತ್ಯ. ಒರೆಯ ತಯಾರಿಕೆ ತೊಗಲಿನ ಹದದಿಂದ ಆರಂಭವಾಗುತ್ತದೆ. ದಖ್ಖನಿನ ಹಳ್ಳಿಗಳಲ್ಲಿ ಹಸಿ ತೊಗಲನ್ನು ನೀರಿನಲ್ಲಿ ನೆನೆಸಿ, ಸುಣ್ಣದ ತೊಟ್ಟಿಯಲ್ಲಿ ಹಲವು ದಿನ ಇಟ್ಟು, ಸಡಿಲಗೊಂಡ ಕೂದಲನ್ನೂ ಒಳಮೈಯ ಮಾಂಸದ ಅಂಶವನ್ನೂ ಹೆರೆದು ತೆಗೆಯುತ್ತಿದ್ದರು. ಸುಣ್ಣವನ್ನು ತೊಳೆದ ಮೇಲೆ ಮರದ ತೊಗಟೆಯ ಒಗರಿನಲ್ಲಿ ಹದ ಮಾಡುವ ಹಂತ ಬರುತ್ತಿತ್ತು. ಇದಕ್ಕೆ ಒಂದು ವಿಶಿಷ್ಟ ವಿಧಾನವಿತ್ತು: ಇಡೀ ತೊಗಲನ್ನು ಚೀಲದಂತೆ ಹೊಲಿದು, ಗಳುವಿಗೆ ತೂಗುಹಾಕಿ, ಒಳಗೆ ಕುಟ್ಟಿದ ತೊಗಟೆಯನ್ನೂ ಅದರ ಕಷಾಯವನ್ನೂ ತುಂಬುವುದು. ಕಷಾಯ ತೊಗಲಿನ ಮೂಲಕ ಜಿನುಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ; ಅದನ್ನೇ ಮತ್ತೆ ಮೇಲಿನಿಂದ ಸುರಿಯಲಾಗುತ್ತದೆ. ಕೆಲವು ದಿನಗಳ ನಂತರ ಚೀಲವನ್ನು ತಲೆಕೆಳಗು ಮಾಡಿ ತೂಗುಹಾಕಿದರೆ ಎರಡು ತುದಿಗಳಿಗೂ ಹದ ಸಮನಾಗಿ ತಗಲುತ್ತದೆ. ಕೊಲ್ಹಾಪುರಿ ಪಾದರಕ್ಷೆಗಳ ತೊಗಲನ್ನು ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಇದೇ ವಿಧಾನದಲ್ಲಿ ಹದಗೊಳಿಸುವ ಪರಂಪರೆ ಬಹುಕಾಲ ಉಳಿದುಬಂದಿದೆ.

ಹೀಗೆ ಸಸ್ಯದ ಒಗರಿನಲ್ಲಿ ಪಳಗಿದ ತೊಗಲಿಗೆ ಒರೆಯ ಕೆಲಸಕ್ಕೆ ಅತ್ಯಗತ್ಯವಾದ ಒಂದು ಗುಣವಿದೆ. ಅದು ನೀರಿನಲ್ಲಿ ನೆನೆದಾಗ ಮೆತ್ತಗಾಗಿ, ಯಾವ ಆಕಾರಕ್ಕೆ ಒತ್ತಿದರೂ ಆ ಆಕಾರವನ್ನು ತಾಳಿ, ಒಣಗಿದಾಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸಣ್ಣ ಕತ್ತಿಗೆ ಒರೆ ಮಾಡುವಾಗ ಮರದ ಒಳಪಟ್ಟಿಗಳ ಅಗತ್ಯವಿರುವುದಿಲ್ಲ. ಅಲಗಿನ ಅಳತೆಗೆ ತಕ್ಕಂತೆ ದಪ್ಪ ತೊಗಲನ್ನು ರಂಪಿಗೆಯಿಂದ ಕೊಯ್ದು ಮಡಚಿ, ಎರಡು ಅಂಚುಗಳನ್ನು ಕೂಡಿಸುತ್ತಾರೆ. ಅಂಚುಗಳ ನಡುವೆ, ಅಲಗಿನ ಬಾಯಿ ತಾಗುವ ಕಡೆಯಲ್ಲಿ, ತೊಗಲಿನದೇ ಒಂದು ಕಿರಿದಾದ ಪಟ್ಟಿಯನ್ನು ಇಡುವುದು ಬಲ್ಲವರ ಕ್ರಮ. ಕತ್ತಿಯನ್ನು ಒರೆಗೆ ಸೇರಿಸುವಾಗಲೂ ಹಿರಿಯುವಾಗಲೂ ಅದರ ಬಾಯಿ ಆ ಪಟ್ಟಿಗೆ ತಗಲುತ್ತದೆಯೇ ಹೊರತು ಹೊಲಿಗೆಯ ದಾರಕ್ಕೆ ತಗಲುವುದಿಲ್ಲ. ಈ ಪಟ್ಟಿಯಿಲ್ಲದ ಒರೆಯ ಹೊಲಿಗೆಯನ್ನು ಅದರೊಳಗಿನ ಕತ್ತಿಯೇ ಕ್ರಮೇಣ ಕತ್ತರಿಸುತ್ತದೆ.

ಹೊಲಿಗೆಗೆ ಮೊದಲು ದಬ್ಬಳದಂಥ ಮೊನೆಯ ಉಳಿಯಿಂದ ಸಮಾನ ಅಂತರದ ರಂಧ್ರಗಳನ್ನು ಮಾಡುತ್ತಾರೆ. ಹೊಲಿಗೆಯಲ್ಲಿ ಎರಡು ಪದ್ಧತಿಗಳು ಪ್ರಸಿದ್ಧ. ತೊಗಲಿನ ಸಣ್ಣ ಎಳೆಯನ್ನೇ ದಾರವಾಗಿ ಬಳಸಿ ಹೆಣೆಯುವುದು ಒಂದು. ಮೇಣ ತಿಕ್ಕಿದ ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲೂ ಎರಡೂ ಸೂಜಿಗಳನ್ನು ಎದುರುಬದುರಾಗಿ ಹಾಯಿಸುವುದು ಇನ್ನೊಂದು. ಎರಡನೆಯದರಲ್ಲಿ ಒಂದು ಹೊಲಿಗೆ ಹರಿದರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ಕುದುರೆಯ ಜೀನಿನಂತಹ ಭಾರ ಹೊರುವ ವಸ್ತುಗಳಿಗೆ ಅದನ್ನು ಬಳಸಿದ್ದು ಆ ಕಾರಣದಿಂದ. ಹೊಲಿದ ಒರೆಯನ್ನು ನೆನೆಸಿ, ಎಣ್ಣೆ ಬಳಿದು ಬಟ್ಟೆ ಸುತ್ತಿದ ಕತ್ತಿಯನ್ನು ಒಳಗಿಟ್ಟು ಬೆರಳಿನಿಂದಲೂ ಮೂಳೆಯಿಂದಲೂ ಒತ್ತಿ ತಿದ್ದಿದರೆ, ಒಣಗಿದ ಬಳಿಕ ಆ ಒರೆ ಆ ಒಂದೇ ಕತ್ತಿಗೆ ಸೇರಿದ್ದಾಗುತ್ತದೆ. ಎಣ್ಣೆ ಮತ್ತು ಬಟ್ಟೆಯ ಎಚ್ಚರಿಕೆಗೆ ಕಾರಣವಿದೆ: ತೊಗಟೆಯ ಒಗರು ಒದ್ದೆಯಾಗಿ ಕಬ್ಬಿಣವನ್ನು ಮುಟ್ಟಿದರೆ ಕಪ್ಪು ಬಣ್ಣ ಹುಟ್ಟಿ ಅಲಗೂ ತೊಗಲೂ ಕಲೆಗೊಳ್ಳುತ್ತವೆ. ಒಣಗಿದ ಒರೆಯಲ್ಲೂ ಕತ್ತಿಯನ್ನು ಬಹುಕಾಲ ಮುಟ್ಟದೆ ಇಟ್ಟರೆ ತೇವವನ್ನು ಹೀರಿದ ತೊಗಲು ಅಲಗಿಗೆ ತುಕ್ಕು ತರುತ್ತದೆ. ಒರೆ ಕತ್ತಿಯನ್ನು ಕಾಯುವುದು ಕತ್ತಿ ಬಳಕೆಯಲ್ಲಿರುವವರೆಗೆ.

ಉದ್ದನೆಯ ಖಡ್ಗದ ಒರೆಯ ರಚನೆ ಬೇರೆ. ಹಗುರ ಮರದ ಎರಡು ತೆಳು ಪಟ್ಟಿಗಳನ್ನು ಅಲಗಿನ ಬಾಗಿಗೆ ಹೊಂದುವಂತೆ ಕೆತ್ತಿ, ಕೂಡಿಸಿ, ಮೇಲೆ ತೆಳುವಾದ ತೊಗಲನ್ನು ಬಿಗಿದು ಉದ್ದಕ್ಕೂ ಹೊಲಿಯುತ್ತಿದ್ದರು. ಬಾಯಿಗೂ ತುದಿಗೂ ಲೋಹದ ತೊಡಿಗೆ. ಸೊಂಟದ ಪಟ್ಟಿಗೆ ಕಟ್ಟಲು ಬಳೆಗಳು. ಅರಮನೆಯ ಆಯುಧಗಳಲ್ಲಿ ತೊಗಲಿನ ಬದಲಿಗೆ ಅಥವಾ ಅದರ ಮೇಲೆ ಮಖಮಲ್ಲು ಹೊದಿಸುವುದು ವಾಡಿಕೆಯಾಗಿತ್ತು. ಒಂದು ಒರೆಯಲ್ಲಿ ಹೀಗೆ ಬಡಗಿ, ಚರ್ಮಕಾರ, ಲೋಹಗಾರ, ಕೆಲವೊಮ್ಮೆ ದರ್ಜಿ ಈ ನಾಲ್ವರ ಕೈಗೆಲಸ ಒಂದಾಗುತ್ತಿತ್ತು.

ಒಂದೇ ಬರಹ, ಮೂರು ಪದಗಳು

ಇಂದಿನ ಕನ್ನಡದಲ್ಲಿ ‘ಒರೆ’ ಎಂದು ಬರೆಯುವ ಪದಕ್ಕೆ ಮೂರು ಅರ್ಥಗಳು: ಕತ್ತಿಯ ಕೋಶ, ತಿಕ್ಕಿ ಪರೀಕ್ಷಿಸುವುದು ಮತ್ತು ಹೇಳುವುದು. ‘ಒರೆಯಿಂದ ಹಿರಿದ ಕತ್ತಿ’, ‘ಒರೆಗೆ ಹಚ್ಚಿದ ಚಿನ್ನ’, ಹಳೆಯ ಕಾವ್ಯಭಾಷೆಯ ‘ಒರೆದಂ’ ಇವು ಮೂರಕ್ಕೂ ಉದಾಹರಣೆಗಳು. ಕನ್ನಡವನ್ನಷ್ಟೇ ಬಲ್ಲ ಓದುಗನಿಗೆ ಇವು ಒಂದೇ ಪದದ ಮೂರು ಕವಲುಗಳಂತೆ ತೋರಬಹುದು. ‘ಒರೆಗೆ ಹಚ್ಚು’ ಎಂಬ ನುಡಿಗಟ್ಟಿನಲ್ಲಿ ಕತ್ತಿಯ ಒರೆಯನ್ನೇ ಕಲ್ಪಿಸಿಕೊಳ್ಳುವುದೂ ಅಸಂಭವವಲ್ಲ.

ಈ ಗೊಂದಲ ಹೊಸೂರಿನಲ್ಲೋ ತಾಳವಾಡಿಯಲ್ಲೋ ತಮಿಳನ್ನು ಕಲಿತ ಕನ್ನಡಿಗನಿಗೆ ಬೇಗ ಬಗೆಹರಿಯುತ್ತದೆ. ತಮಿಳಿನಲ್ಲಿ ತಿಕ್ಕುವುದಕ್ಕೂ ಹೇಳುವುದಕ್ಕೂ ಇರುವ ಪದ ‘ಉರೈ’. ಕೋಶಕ್ಕೆ ಇರುವ ಪದ ‘ಉಱೈ’. ರಕಾರಗಳು ಬೇರೆ, ಆದ್ದರಿಂದ ಪದಗಳೂ ಬೇರೆ. ಕಾಸರಗೋಡಿನಲ್ಲೂ ವಯನಾಡಿನಲ್ಲೂ ಕಿವಿಗೆ ಬೀಳುವ ಮಲಯಾಳದಲ್ಲಿ ಒರೆಗಲ್ಲು ‘ಉರಕಲ್ಲ್’ ಆದರೆ ಕತ್ತಿಯ ಒರೆ ‘ಉಱ’. ತೆಲುಗಿನಲ್ಲಿ ಕತ್ತಿಯ ಕೋಶ ‘ಒರ’, ಹಳೆಯ ಬರಹದಲ್ಲಿ ‘ಒಱ’. ಹಳಗನ್ನಡದಲ್ಲೂ ಈ ಭೇದ ಇತ್ತು: ಕತ್ತಿಯ ‘ಒಱೆ’ಯಲ್ಲಿ ಶಕಟರೇಫ, ಮಾತಿನ ಮತ್ತು ಒರೆಗಲ್ಲಿನ ‘ಒರೆ’ಯಲ್ಲಿ ಸಾಮಾನ್ಯ ರೇಫ. ನಡುಗನ್ನಡದ ಕಾಲದಲ್ಲಿ ಉಚ್ಚಾರಣೆಯ ಭೇದ ಅಳಿಸಿ, ಕ್ರಮೇಣ ಲಿಪಿಯಿಂದಲೂ ‘ಱ’ ಮರೆಯಾದಾಗ ಈ ಪದಗಳು ಒಂದೇ ರೂಪ ತಾಳಿದವು. ತಮಿಳು ಮಲಯಾಳಗಳ ಉಕಾರಕ್ಕೆ ಎದುರಾಗಿ ಕನ್ನಡ ತೆಲುಗುಗಳಲ್ಲಿ ಒಕಾರ ಇರುವುದು ದ್ರಾವಿಡ ಭಾಷಾವಿಜ್ಞಾನದಲ್ಲಿ ಸುಪರಿಚಿತವಾದ ಸ್ವರವ್ಯತ್ಯಾಸ. ಒಟ್ಟಿನಲ್ಲಿ ಈ ನಾಲ್ಕು ನುಡಿಗಳಿಗೂ ಸಮಾನವಾದ ಒಂದು ಹಳೆಯ ಪದ ಕತ್ತಿಯ ಕೋಶಕ್ಕೆ ಇತ್ತೆಂಬುದು ಸ್ಪಷ್ಟ. ಪದ ಅಷ್ಟು ಹಳೆಯದಾದರೆ ವಸ್ತುವೂ ಅಷ್ಟೇ ಹಳೆಯದು. ನೆಲದಲ್ಲಿ ಉಳಿಯದ ವಸ್ತುವಿನ ಪ್ರಾಚೀನತೆಗೆ ಭಾಷೆ ಸಾಕ್ಷಿ ನುಡಿಯುವುದು ಹೀಗೆ.

ಪದದ ಮುಂದಿನ ಬೆಳವಣಿಗೆಯಲ್ಲೂ ಗಡಿಗಳ ಗುರುತಿದೆ. ತಮಿಳಿನಲ್ಲಿ ‘ಉಱೈ’ ಕತ್ತಿಯನ್ನು ಬಿಟ್ಟು ಹೊರಬಂದು ಎಲ್ಲ ಬಗೆಯ ಹೊದಿಕೆಗಳಿಗೂ ಹಬ್ಬಿದೆ: ಕೈಗವಸು, ಕಾಲುಚೀಲ, ದಿಂಬಿನ ಗವಸು, ಕಾಗದದ ಲಕೋಟೆ ಎಲ್ಲವೂ ಅಲ್ಲಿ ‘ಉಱೈ’ಗಳೇ. ಮಲಯಾಳದ ಕೈಗವಸೂ ‘ಕೈಯುಱ’. ಕನ್ನಡದಲ್ಲಿ ಒರೆ ಬಹುಮಟ್ಟಿಗೆ ಆಯುಧಕ್ಕೆ ಅಂಟಿಕೊಂಡೇ ಉಳಿಯಿತು. ದಿಂಬಿಗೆ ಗವಸು ಬಂತು, ಕಾಗದಕ್ಕೆ ಮರಾಠಿಯ ‘ಲಖೋಟಾ’ದಿಂದ ಲಕೋಟೆ ಬಂತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಕತ್ತಿಯ ಕೋಶಕ್ಕೆ ಮರಾಠಿಯಲ್ಲಿ ಪಾರಸಿ ಮೂಲದ ‘ಮ್ಯಾನ’ ಎಂಬ ಪದ ಚಾಲ್ತಿಯಲ್ಲಿದೆ. ಸುಲ್ತಾನರ ಸೈನ್ಯ ಮತ್ತು ದಫ್ತರಗಳ ಮೂಲಕ ಬಂದ ಆಯುಧ ಸಂಬಂಧಿ ಪದಗಳ ದೊಡ್ಡ ಗುಂಪಿನಲ್ಲಿ ಅದೂ ಒಂದು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆ ಕನ್ನಡದಲ್ಲಿರುವಂತೆ ತೆಲುಗು ತಮಿಳುಗಳಲ್ಲೂ ಮರಾಠಿಯಲ್ಲೂ ಇದೆ. ಮರಾಠಿ ಅದನ್ನು ‘ಮ್ಯಾನ’ದಿಂದ ಹೇಳುತ್ತದೆ, ಉಳಿದವು ಒರೆಯ ಸೋದರ ಪದಗಳಿಂದ. ಹೀಗೆ ಗಾದೆ ಗಡಿಯನ್ನು ದಾಟಿದಾಗಲೂ ಪದ ತನ್ನ ಕಡೆಯಲ್ಲೇ ನಿಂತಿದೆ.

ತೊಗಲಿನ ಹೆಸರುಗಳೂ ಇಂಥ ಬಂಧುತ್ವವನ್ನೇ ತೋರುತ್ತವೆ. ಕನ್ನಡದ ತೊಗಲು (ಹಳಗನ್ನಡದಲ್ಲಿ ತೊವಲ್ ಎಂಬ ರೂಪವೂ ಉಂಟು), ಮಲಯಾಳದ ತುಕಲ್, ತಮಿಳಿನ ತೋಲ್, ತೆಲುಗಿನ ತೋಲು ಒಂದೇ ಕುಟುಂಬದವು. ಹದಗೊಳಿಸುವ ತೊಗಟೆಯ ಹೆಸರುಗಳಲ್ಲಿ ಇನ್ನೊಂದು ಬಗೆಯ ಚಿತ್ರವಿದೆ. ಹಳದಿ ಹೂವಿನ ಒಂದು ಕುರುಚಲು ಗಿಡಕ್ಕೆ ಕನ್ನಡದಲ್ಲಿ ತಂಗಡಿ ಎಂದೂ ಆವರಿಕೆ ಎಂದೂ ಹೆಸರುಂಟು. ಮೊದಲನೆಯದರ ಜೋಡಿ ತೆಲುಗಿನ ‘ತಂಗೇಡು’; ತೆಲಂಗಾಣ ರಾಜ್ಯದ ಅಧಿಕೃತ ಹೂವು ಇದೇ ಗಿಡದ್ದು. ಎರಡನೆಯದರ ಜೋಡಿ ತಮಿಳಿನ ‘ಆವಾರಂ’. ಮರಾಠಿಯಲ್ಲಿ ಅದು ‘ತರವಡ’. ಒಂದೇ ಗಿಡಕ್ಕೆ ಕನ್ನಡ ಎರಡು ದಿಕ್ಕುಗಳ ಹೆಸರನ್ನು ಇಟ್ಟುಕೊಂಡಿರುವುದು ಈ ಕಸುಬಿನ ಸಾಮಗ್ರಿ ನುಡಿಗಡಿಗಳನ್ನು ಲೆಕ್ಕಿಸದೆ ಬೆಳೆದುದರ ಗುರುತು.

ಎಲ್ಲಕ್ಕಿಂತ ಗಮನಾರ್ಹವಾದುದು ‘ಹದ’ ಎಂಬ ಪದ. ಮಣ್ಣಿಗೆ ಹದ, ಅಡುಗೆಗೆ ಹದ, ಕಬ್ಬಿಣಕ್ಕೆ ಹದ, ತೊಗಲಿಗೂ ಹದ. ತಮಿಳಿನ ‘ಪದಂ’, ತೆಲುಗಿನ ‘ಪದುನು’ ಇದರ ಬಂಧುಗಳು. ಆದವಾನಿ, ರಾಯದುರ್ಗ, ಮಡಕಶಿರಗಳ ತೆಲುಗಿನಲ್ಲಿ ಬಿತ್ತನೆಗೆ ತಕ್ಕ ನೆಲದ ತೇವವೂ ಪದುನು, ಅಲಗಿನ ಹರಿತವೂ ಪದುನು, ತೊಗಲನ್ನು ಪಳಗಿಸುವುದೂ ಪದುನು. ಕಮ್ಮಾರನ ಕುಲುಮೆಗೂ ಚರ್ಮಕಾರನ ತೊಟ್ಟಿಗೂ ಭಾಷೆ ಒಂದೇ ಪದವನ್ನು ಕೊಟ್ಟಿದೆ. ಎರಡೂ ಕಡೆ ಕೆಲಸದ ತಿರುಳು ಒಂದೇ: ವಸ್ತು ಯಾವ ಕ್ಷಣದಲ್ಲಿ ತಕ್ಕ ಸ್ಥಿತಿಗೆ ಬಂತೆಂಬುದನ್ನು ಕೈಯಿಂದ ಅರಿಯುವುದು. ಆದರೆ ಭಾಷೆ ಒಂದಾಗಿ ಕಂಡ ಈ ಎರಡು ಕೌಶಲಗಳನ್ನು ಸಮಾಜ ದೂರದೂರ ಇರಿಸಿತು.

ಎರಡು ಮನೆಗಳ ವಸ್ತು

ಬಯಲುಸೀಮೆಯಲ್ಲಿ ಕತ್ತಿ ಮತ್ತು ಒರೆ ಹುಟ್ಟುವುದು ಎರಡು ಬೇರೆ ಮನೆಗಳಲ್ಲಿ. ಅವು ಸೇರುವುದು ಕೊಂಡವನ ಸೊಂಟದಲ್ಲಿ. ಕಮ್ಮಾರನು ಪಾಂಚಾಳ ಸಮುದಾಯದ ಐದು ಕಸುಬುಗಳೊಳಗೆ ಸೇರಿದವನು. ಆ ಐದರಲ್ಲಿ ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನಗಳಿವೆ, ತೊಗಲು ಇಲ್ಲ. ಬೇಲೂರಿನಂತಹ ದೇಗುಲಗಳಲ್ಲಿ ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೃತಿಯ ಅಡಿಯಲ್ಲೇ ಹೆಸರು ಕೊರೆದಿದ್ದಾರೆ. ಅವರ ಬಿರುದುಗಳೂ ಊರುಗಳೂ ಇಂದಿಗೂ ಓದಲು ಸಿಗುತ್ತವೆ. ವೀರಗಲ್ಲುಗಳಲ್ಲಿ ವೀರನ ಸೊಂಟದ ಕಠಾರಿಯನ್ನೂ ಶಿಲ್ಪಿ ಕೆತ್ತಿದ್ದಾನೆ. ಆ ಕಠಾರಿಗೆ ಒರೆ ಹೊಲಿದವನಿಗೆ ಹೆಸರು ಕೊರೆಯಲು ಕಲ್ಲು ಇರಲಿಲ್ಲ. ಅವನ ಕೃತಿ ಕೆಲವು ತಲೆಮಾರುಗಳನ್ನು ಮೀರಿ ಬಾಳುವಂಥದೂ ಆಗಿರಲಿಲ್ಲ.

ಗ್ರಾಮದ ಆಯಗಾರ ವ್ಯವಸ್ಥೆಯಲ್ಲಿ, ಮರಾಠಿಯ ಬಲುತೆ ಪದ್ಧತಿಯಲ್ಲಿ, ಚರ್ಮಕಾರನಿಗೆ ಸುಗ್ಗಿಯ ಧಾನ್ಯದಲ್ಲಿ ಪಾಲು ನಿಗದಿಯಾಗಿತ್ತು. ಪ್ರತಿಯಾಗಿ ಅವನು ಒದಗಿಸಬೇಕಾದುದು ಕಪಿಲೆಯ ತೊಗಲ ಬಾನಿ, ಮಿಣಿ, ಬಾರು, ಮೆಟ್ಟು ಮೊದಲಾದ ಬೇಸಾಯದ ಅಗತ್ಯಗಳು. ನೀರಿನಲ್ಲಿ ದಿನವಿಡೀ ನೆನೆಯುವ ಬಾನಿ ಮಿಣಿಗಳನ್ನು ಕಾಪಾಡಲು ಕುಸುಬೆ ಎಣ್ಣೆಯನ್ನು ಬಹುಹೊತ್ತು ಕುದಿಸಿ ಮಾಡಿದ ‘ರೋಗನ್’ ಎಂಬ ಲೇಪವನ್ನು ದಖ್ಖನಿನಲ್ಲಿ ಬಳಸುತ್ತಿದ್ದರು. ಚೂರಿಯ ಒರೆಯಂತಹ ಸಣ್ಣ ವಸ್ತು ಇಂಥ ಲೆಕ್ಕದಲ್ಲಿ ಎದ್ದು ಕಾಣುವಂಥದಲ್ಲ. ದೊಡ್ಡ ಕೆಲಸದಲ್ಲಿ ಉಳಿದ ತುಂಡಿನಿಂದಲೇ ಅದು ಆಗಬಲ್ಲದು. ಕಂದಾಯದ ಕಾಗದಗಳು ಒರೆಯ ಬಗ್ಗೆ ಮಾತನಾಡದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ನೀಲಗಿರಿಯಲ್ಲಿ ಸ್ಥಿತಿ ಬೇರೆಯಾಗಿತ್ತು. ಅಲ್ಲಿಯ ಕೋತರು ಕಬ್ಬಿಣದ ಕೆಲಸ, ಮರಗೆಲಸ, ಮಡಕೆ, ತೊಗಲು, ವಾದ್ಯಸಂಗೀತ ಎಲ್ಲವನ್ನೂ ಮಾಡುತ್ತಿದ್ದ ಏಳು ಹಳ್ಳಿಗಳ ಸಣ್ಣ ಸಮುದಾಯ. ಬಡಗರು ಧಾನ್ಯ ಕೊಟ್ಟು ಅವರಿಂದ ಹತಾರಗಳನ್ನು ಪಡೆಯುತ್ತಿದ್ದರು. ತೋಡರು ಮತ್ತು ಬಡಗರ ಸತ್ತ ದನ ಎಮ್ಮೆಗಳ ತೊಗಲು ಕೋತರಿಗೆ ಸೇರುತ್ತಿತ್ತು. 1873ರಲ್ಲಿ ಪ್ರಕಟವಾದ ಬ್ರೀಕ್ಸನ ಪುಸ್ತಕದಿಂದ 1930ರ ದಶಕದ ಎಮೆನೋ ಮತ್ತು ಮ್ಯಾಂಡೆಲ್‌ಬಾಮ್‌ರ ಕ್ಷೇತ್ರಕಾರ್ಯದವರೆಗೆ ಈ ವಿನಿಮಯದ ವಿವರಗಳು ದಾಖಲಾಗಿವೆ. ಕುಲುಮೆ ಮತ್ತು ತೊಗಲು ಎರಡೂ ಅಲ್ಲಿ ಒಂದೇ ಸಮುದಾಯದ ಕೈಯಲ್ಲಿದ್ದವು. ಬಯಲಿನ ವಿಭಜನೆ ಕಸುಬಿನ ಸಹಜ ಅಗತ್ಯವಾಗಿರದೆ ಸಮಾಜ ಹಾಕಿದ ಗೆರೆಯಾಗಿತ್ತೆಂಬುದಕ್ಕೆ ನೀಲಗಿರಿ ಸಾಕ್ಷಿ. ಆದರೂ ಕೋತರ ಈ ಬಹುಕೌಶಲ ಅವರಿಗೆ ಗೌರವವನ್ನು ತರಲಿಲ್ಲ. ಸತ್ತ ಪ್ರಾಣಿಗಳ ಸಂಬಂಧದಿಂದಾಗಿ ನೆರೆಯ ಸಮುದಾಯಗಳು ಅವರನ್ನು ಕೀಳಾಗಿ ಕಂಡವು. 1930ರ ದಶಕದ ಹೊತ್ತಿಗೆ ಬಡಗರಲ್ಲೂ ಕೋತರಲ್ಲೂ ಹುಟ್ಟಿದ ಸುಧಾರಣೆಯ ಹಂಬಲ ಹಳೆಯ ವಿನಿಮಯವನ್ನು ಸಡಿಲಿಸಿತು. ಸಂಬಂಧ ಕಡಿದಂತೆ ಅದಕ್ಕೆ ಸೇರಿದ ವಸ್ತುಗಳೂ ಹಿಂದೆ ಸರಿದವು.

ಉಪಕರಣಗಳ ಅಂಕಿತ

ಚರ್ಮಕಾರನು ತನ್ನ ಹೆಸರಿನಲ್ಲಿ ಮಾತನಾಡಿದ ಕಾಲವೊಂದು ಕನ್ನಡದಲ್ಲಿದೆ. 12ನೆಯ ಶತಮಾನದ ಶರಣ ಚಳವಳಿಯಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಈ ಮೂವರ ಹೆಸರುಗಳ ಹಿಂದೆ ಕಸುಬಿನ ಹೆಸರೇ ನಿಂತಿದೆ. ಹರಳಯ್ಯನ ಕುಟುಂಬದ ವಿವಾಹಸಂಬಂಧ ಮತ್ತು ಅದಕ್ಕೆ ಒದಗಿದ ದಂಡನೆ ಕಲ್ಯಾಣದ ಕ್ರಾಂತಿಯ ಪರಂಪರಾಗತ ಕಥನದ ಕೇಂದ್ರದಲ್ಲಿದೆ. ಭಾಷೆಯ ದೃಷ್ಟಿಯಿಂದ ಚೆನ್ನಯ್ಯನ ವಚನಗಳ ಅಂಕಿತ ಹೆಚ್ಚು ಮಹತ್ವದ್ದು. ಆ ದೀರ್ಘ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ವಸ್ತುಗಳು ಬರುತ್ತವೆ. ಇವು ತೊಗಲುಗೆಲಸದವನ ಉಪಕರಣಗಳು: ರಂಧ್ರ ಮಾಡುವುದಕ್ಕೆ, ಕೊಯ್ಯುವುದಕ್ಕೆ, ಕೆಲಸವನ್ನು ಇಟ್ಟು ಆತುಕೊಳ್ಳುವುದಕ್ಕೆ. ಒಂದು ಒರೆಯನ್ನು ಮಾಡಲು ಬೇ̧ಕಾದ ಮುಖ್ಯ ಸಲಕರಣೆಗಳೂ ಇವೇ. ದೇವರ ಹೆಸರಿನ ಜಾಗದಲ್ಲಿ ಕಸುಬಿನ ಉಪಕರಣಗಳು ನಿಂತಿರುವುದರಿಂದ ಎಂಟು ಶತಮಾನಗಳ ಹಿಂದಿನ ವೃತ್ತಿಪದಗಳು ತಾಡವಾಲೆಯ ಮೇಲೆ ಉಳಿದವು. ಪುರಾಣ ಸಂಪ್ರದಾಯವು ಚೆನ್ನಯ್ಯನನ್ನು ಚೋಳನಾಡಿಗೆ ಸೇರಿಸುತ್ತದೆ. ಅವನ ಕಥೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹೇಳಿದ್ದಾನೆ, 1369ರಲ್ಲಿ ಭೀಮಕವಿ ಬಸವಪುರಾಣವನ್ನು ಕನ್ನಡಕ್ಕೆ ತಂದಿದ್ದಾನೆ. ಚರ್ಮಕಾರನೊಬ್ಬನ ನೆನಪು ಮೂರು ನುಡಿನಾಡುಗಳನ್ನು ಹೀಗೆ ಬೆಸೆದಿದೆ.

ಇದೇ ಕಾಲದ ಇನ್ನೊಂದು ಪದ ‘ಹಡಪ’. ಅಡಕೆಲೆಯ ಚೀಲವೂ ಕ್ಷೌರಿಕನ ಕತ್ತಿಗಳನ್ನು ಇಡುವ ಚೀಲವೂ ಹಡಪವೇ. ಕ್ಷೌರಿಕನ ಹತಾರಗಳ ಚೀಲಕ್ಕೆ ತಮಿಳಿನಲ್ಲೂ ‘ಅಡಪ್ಪಂ’ ಎಂಬ ಬಂಧುಪದವಿದೆ. ಚೀಲವನ್ನು ಹೊತ್ತವರಿಗೆ ಅದರಿಂದ ಹಡಪದ ಎಂಬ ಹೆಸರು ಬಂತು, ಬಸವಣ್ಣನ ಆಪ್ತನಾಗಿದ್ದ ಅಪ್ಪಣ್ಣನಿಗೂ ಬಂತು. ಕುದುರೆಯ ಜೀನು ಮಾಡುವವರಿಗೆ ಪಾರಸಿಯ ಜೀನಿನಿಂದ ಜೀನಗಾರ ಎಂಬ ಹೆಸರಾಯಿತು. ಸಂಸ್ಕೃತದ ಚರ್ಮಕಾರ ಪ್ರಾಕೃತದ ಮೂಲಕ ಇಳಿದು ಸಮಗಾರನಾಯಿತು. ಒರೆಯನ್ನು ಮಾಡುವವರಿಗೆ ಒರೆಯಿಂದ ಹುಟ್ಟಿದ ಇಂಥ ಹೆಸರು ಕನ್ನಡದಲ್ಲಿ ರೂಢಿಗೆ ಬರಲಿಲ್ಲ. ಅದು ಪ್ರತ್ಯೇಕ ವೃತ್ತಿಯಾಗಿ ಬೇರ್ಪಡದೆ ಜೀನು, ಮೆಟ್ಟು, ಬಾರುಗಳ ಕೆಲಸದೊಳಗೆ ಅಡಗಿತ್ತೆಂದು ಇದರಿಂದ ತಿಳಿಯುತ್ತದೆ.

ಕಾನೂನು, ಪೇಟೆ, ರಾಸಾಯನಿಕ

ಒರೆಯ ಕಸುಬು ಕ್ಷೀಣಿಸಿದ್ದು ಒಂದೇ ಪೆಟ್ಟಿನಿಂದಲ್ಲ; ಮೂರು ಕಡೆಗಳಿಂದ ಒತ್ತಡ ಬಂತು. ಮೊದಲನೆಯದು ನಿಶ್ಶಸ್ತ್ರೀಕರಣ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ವಿರೋಧಿಸಿ ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ದಂಗೆಯೆದ್ದದ್ದು ಲಾವಣಿಗಳಲ್ಲಿ ಉಳಿದ ಚರಿತ್ರೆ. 1878ರ ಶಸ್ತ್ರಾಸ್ತ್ರ ಕಾಯಿದೆ ಬಂದೂಕು, ಖಡ್ಗ, ಕಠಾರಿ, ಈಟಿ, ಬಿಲ್ಲುಬಾಣಗಳನ್ನು ಹೆಸರಿಸಿ ಪರವಾನಗಿಯ ಕಟ್ಟಿಗೆ ತಂದಿತು. ಆ ವ್ಯಾಖ್ಯೆಯಲ್ಲಿ ಒರೆಯ ಹೆಸರಿಲ್ಲ. ಹೆಸರಿಸುವ ಅಗತ್ಯವೂ ಇರಲಿಲ್ಲ. ಖಡ್ಗವೇ ಸೊಂಟದಿಂದ ಇಳಿದ ಮೇಲೆ ಒರೆಗೆ ಗಿರಾಕಿ ಎಲ್ಲಿ? ಸಂಸ್ಥಾನಗಳ ಖಡ್ಗಗಳು ಅರಮನೆಯ ಕೋಣೆಗಳನ್ನು ಸೇರಿದವು. ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರ ಹಿಂದಿನ ಮುಂಬಯಿ ಪ್ರಾಂತದಲ್ಲೇ ಹೆಸರಾದದ್ದು. ಇಂಥ ಸಂಗ್ರಹಗಳಲ್ಲಿ ಆಯುಧ ಸುರಕ್ಷಿತವಾಗುತ್ತದೆ, ಒರೆ ಅನಗತ್ಯವಾಗುತ್ತದೆ. ಕೊಡಗಿನಲ್ಲಿ ಕೊಡವರಿಗೆ ಶಸ್ತ್ರಕಾಯಿದೆಯಿಂದ ವಿನಾಯಿತಿ ದೊರೆತದ್ದರಿಂದ ಪೀಚೆಕತ್ತಿ ತನ್ನ ಬೆಳ್ಳಿಕಟ್ಟಿನ ಒರೆಯೊಡನೆ ಇಂದಿಗೂ ಮಂಗಳಕಾರ್ಯದ ಉಡುಪಿನಲ್ಲಿದೆ. ಧರಿಸುವ ಹಕ್ಕು ಉಳಿದ ಕಡೆ ಒರೆಯೂ ಉಳಿದಿರುವುದನ್ನು ಈ ಒಂದು ಉದಾಹರಣೆ ಕಾಣಿಸುತ್ತದೆ.

ಎರಡನೆಯ ಒತ್ತಡ ಪೇಟೆಯದು. 19ನೆಯ ಶತಮಾನದಲ್ಲಿ ಮದರಾಸು ಪ್ರಾಂತದಿಂದ ಆವರಿಕೆಯ ತೊಗಟೆಯಲ್ಲಿ ಹದಗೊಳಿಸಿದ ತೊಗಲು ಇಂಗ್ಲೆಂಡಿಗೆ ದೊಡ್ಡ ಪ್ರಮಾಣದಲ್ಲಿ ರಫ್ತಾಗತೊಡಗಿತು. ಹಳ್ಳಿಯಲ್ಲಿ ಸತ್ತ ದನದ ತೊಗಲು ಹಳ್ಳಿಯ ಚರ್ಮಕಾರನಿಗೆ ಸೇರಬೇಕೆಂಬ ರೂಢಿಯ ಮೇಲೆ ಆಯದ ಸಂಬಂಧ ನಿಂತಿತ್ತು. ವ್ಯಾಪಾರಿ ಹಣ ಕೊಟ್ಟು ಹಸಿ ತೊಗಲನ್ನೇ ಪಟ್ಟಣಕ್ಕೆ ಒಯ್ದಾಗ ಆ ರೂಢಿ ಬೆಲೆ ಕಳೆದುಕೊಂಡಿತು. ಹದ ಮಾಡುತ್ತಿದ್ದವನು ತೊಗಲನ್ನು ಮಾರುವವನಾದ, ಇಲ್ಲವೇ ಪಟ್ಟಣದ ಹದಗಾರಿಕೆಯಲ್ಲಿ ಕೂಲಿಯಾದ.

ಮೂರನೆಯದು ರಾಸಾಯನಿಕ ಬದಲಾವಣೆ. 1904ರಲ್ಲಿ ಮದರಾಸು ಪ್ರಾಂತದ ತೊಗಲುಗೆಲಸವನ್ನು ಕುರಿತು ವಿಸ್ತೃತ ಪ್ರಬಂಧ ಬರೆದ ಆಲ್ಫ್ರೆಡ್ ಚಾಟರ್ಟನ್ ಅದೇ ವರ್ಷಗಳಲ್ಲಿ ಅಲ್ಲಿ ಕ್ರೋಮ್ ಲವಣದ ಹದವನ್ನು ಪ್ರಚಾರಕ್ಕೆ ತಂದವನು. 1912ರಿಂದ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನೂ ಆದನು. ಕ್ರೋಮ್ ಹದದ ತೊಗಲು ಬೇಗ ಸಿದ್ಧವಾಗುತ್ತದೆ, ನೀರನ್ನು ಚೆನ್ನಾಗಿ ತಾಳುತ್ತದೆ. ನೀರಿನ ಬಾನಿಗಳಿಗೂ ಪಾದರಕ್ಷೆಯ ಮೇಲ್ಭಾಗಕ್ಕೂ ಅದು ಅನುಕೂಲವೇ. ಒರೆಗೆ ಮಾತ್ರ ಅಲ್ಲ. ಮೆತ್ತಗೆ ಹಿಗ್ಗುವ ಆ ತೊಗಲು ನೆನೆಸಿ ಒತ್ತಿದರೆ ಅಲಗಿನ ಆಕಾರವನ್ನು ಹಿಡಿದು ನಿಲ್ಲುವುದಿಲ್ಲ. ತೊಗಟೆಯ ಹದ ಹಳ್ಳಿಯಿಂದ ಹಿಂದೆ ಸರಿದಂತೆ ಒರೆಯನ್ನು ಕೈಯಲ್ಲಿ ಮಾಡುವುದಕ್ಕೆ ಬೇಕಾದ ಮೂಲವಸ್ತುವೇ ಅಪರೂಪವಾಯಿತು.

ಪಟ್ಟಿಯ ಹೊರಗೆ ಉಳಿದದ್ದು

1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ಗೆರೆಗಳು ಬಿದ್ದಾಗ ಕಸುಬಿನ ಸೀಮೆಗಳು ಆ ಗೆರೆಗಳಿಗೆ ಹೊಂದಿಕೊಳ್ಳಲಿಲ್ಲ. ಇದನ್ನು ತಡವಾಗಿಯಾದರೂ ಒಪ್ಪಿಕೊಂಡ ಒಂದು ದಾಖಲೆ ಕೊಲ್ಹಾಪುರಿ ಪಾದರಕ್ಷೆಗೆ ದೊರೆತ ಭೌಗೋಳಿಕ ಸೂಚಕ. 2019ರಲ್ಲಿ ಪ್ರಚಾರಕ್ಕೆ ಬಂದ ಈ ಮಾನ್ಯತೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ಎಂಟು ಜಿಲ್ಲೆಗಳಿಗೆ ಜಂಟಿಯಾಗಿ ಸಂದಿದೆ. ಗಡಿಯ ಎರಡೂ ಕಡೆಗಳ ಚರ್ಮಕಾರರು ಒಂದೇ ಪರಂಪರೆಯ ವಾರಸುದಾರರೆಂದು ಅದು ಒಪ್ಪುತ್ತದೆ. ಆದರೆ ಅದರ ವ್ಯಾಪ್ತಿ ಮಾರುಕಟ್ಟೆಯಿರುವ ಒಂದು ವಸ್ತುವಿಗೆ ಸೀಮಿತ. ಅದೇ ಕೈಗಳು, ಅದೇ ತೊಗಟೆಯ ತೊಗಲಿನಿಂದ, ಅದೇ ಉಪಕರಣಗಳಿಂದ ಮಾಡಬಲ್ಲ ಒರೆ, ಹಡಪ, ಬಾರು, ಮಿಣಿಗಳು ಅದರ ಹೊರಗೆ ಉಳಿಯುತ್ತವೆ.

ಗಡಿನಾಡಿನ ಕನ್ನಡದ ಸಮೀಕ್ಷೆಗಳು ಶಾಲೆ, ಆಡಳಿತ, ಸಾಹಿತ್ಯಗಳ ಭಾಷೆಯನ್ನು ಮುಖ್ಯವಾಗಿ ಅಳೆದಿವೆ. ಕಸುಬಿನ ಭಾಷೆಗೆ ಅಲ್ಲಿ ಎರಡನೆಯ ಸ್ಥಾನ. ಅದರಲ್ಲೂ ತೊಗಲಿನಂಥ ಕಸುಬಿನ ಮಾತು ಸಂಗ್ರಾಹಕರ ದಾರಿಯಲ್ಲಿ ಕೊನೆಯ ಮನೆಯದು. ಆ ಮಾತು ಏಕಭಾಷಿಕವೂ ಅಲ್ಲ. ಕೊಯ್ಯುವ ಹತಾರ ಕನ್ನಡದ ರಂಪಿಗೆ, ಮರಾಠಿಯ ರಾಪೀ. ತೊಗಟೆ ತಂಗಡಿ, ತಂಗೇಡು, ಆವಾರಂ, ತರವಡ. ಹದ ಅಲ್ಲಿ ಪದುನು. ಒಂದು ನುಡಿಯ ಪದಗಳನ್ನು ಮಾತ್ರ ಶುದ್ಧವಾಗಿ ಆಯ್ದುಕೊಂಡರೆ ಈ ಜಾಲ ಹರಿಯುತ್ತದೆ. ವೃತ್ತಿಪದಗಳನ್ನು ಕೆಲಸದ ಕ್ರಮದಲ್ಲಿ, ಪ್ರತಿಯೊಂದು ಹಂತಕ್ಕೂ ಆ ಊರಿನ ಎರಡು ನುಡಿಗಳಲ್ಲಿ, ಕೆಲಸ ಬಲ್ಲವರ ಉಚ್ಚಾರಣೆಯೊಡನೆ ದಾಖಲಿಸುವುದು ಸೂಕ್ತ. ತೊಗಟೆಯ ಹದವನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಆಮೇಲೆ ಉಳಿಯುವುದು ಉದಾಹರಣೆಯಿಲ್ಲದ ನಿಘಂಟಿನ ನಮೂದು.

ಸಂಸ್ಕೃತದಲ್ಲಿ ಒರೆಗೆ ‘ಕೋಶ’ ಎಂದು ಹೆಸರು. ಅಮರಕೋಶದ ನಾನಾರ್ಥವರ್ಗವು ಆ ಶಬ್ದಕ್ಕೆ ಮೊಗ್ಗು, ಖಡ್ಗದ ಹೊದಿಕೆ, ಧನರಾಶಿ, ದಿವ್ಯ ಎಂಬ ಅರ್ಥಗಳನ್ನು ಹೇಳುತ್ತದೆ. ಪದಗಳ ಸಂಗ್ರಹಕ್ಕೂ ಮುಂದೆ ಅದೇ ಹೆಸರಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಿಂದ ಈಚಿನ ಕೋಶಗಳವರೆಗೆ ಒರೆ, ತೊಗಲು, ಹದ, ರಂಪಿಗೆಗಳು ಸುರಕ್ಷಿತವಾಗಿಯೇ ಇವೆ. ಆದರೆ ತೊಗಲಿನ ಒರೆಯನ್ನು ಬಲ್ಲವರಿಗೆ ತಿಳಿದಂತೆ, ಬಹುಕಾಲ ಹಿರಿಯದೆ ಒಳಗೇ ಇಟ್ಟ ಅಲಗಿಗೆ ತುಕ್ಕು ಹಿಡಿಯುತ್ತದೆ. ಕೋಶದೊಳಗಿನ ಪದಕ್ಕೂ ಅದೇ ಗತಿ. ಬಳಸಿದವರ ಕೆಲಸದೊಡನೆ, ಅವರ ನೆರೆನುಡಿಗಳೊಡನೆ ಇಟ್ಟು ಓದಿದಾಗ ಆ ಪದಗಳು ಚರಿತ್ರೆಗೆ ಆಧಾರವಾಗುತ್ತವೆ. ಹೆಸರು ಕೊರೆಯಲು ಕಲ್ಲು ಸಿಗದವರ ಚರಿತ್ರೆಗೆ ಸದ್ಯಕ್ಕೆ ದೊರೆಯುವ ಮುಖ್ಯ ಆಧಾರ ಅದೇ.